‘ದಿಸ್ ಈಸ್ ಇಂಗ್ಲೆಂಡ್’ ಚಿತ್ರದಲ್ಲಿ ಸ್ಕಿನ್‌ಹೆಡ್ ಹುಡುಗರೆಲ್ಲ ಜನಾಂಗದ್ವೇಷಿಗಳೇ?

ಅಲ್ಲ. ಶೇನ್ ಮೆಡೋಸ್ 2006ರಲ್ಲಿ ತೆಗೆದ ಈ ಚಿತ್ರದ ಜೀವಾಳವೇ ಆ ವ್ಯತ್ಯಾಸ. ಬೋಳುತಲೆ, ಬೂಟು, ಪ್ಯಾಂಟನ್ನು ಭುಜದಿಂದ ಹಿಡಿದಿಡುವ ಬ್ರೇಸಸ್ ಪಟ್ಟಿಗಳ ಈ ಸ್ಕಿನ್‌ಹೆಡ್ ಪಂಥ 1960ರ ದಶಕದ ಕೊನೆಯಲ್ಲಿ ಹುಟ್ಟಿದ್ದು ಬ್ರಿಟನ್ನಿನ ದುಡಿಯುವ ವರ್ಗದ ಹುಡುಗರಿಂದ, ಜಮೈಕಾದ ಸ್ಕಾ ಮತ್ತು ರೆಗೆ ಸಂಗೀತದ ಸಹವಾಸದಲ್ಲಿ. ವಲಸಿಗರನ್ನು ವಿರೋಧಿಸುವ ತೀವ್ರ ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್ ಅದರೊಳಗೆ ನುಸುಳಿದ್ದು ಆಮೇಲೆ.

ಕಥೆ ನಡೆಯುವುದು 1983ರಲ್ಲಿ. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ 12 ವರ್ಷದ ಶಾನ್‌ನನ್ನು ಶಾಲೆಯಲ್ಲಿ ಅವನ ಅಗಲ ಪ್ಯಾಂಟಿಗಾಗಿ ಗೇಲಿ ಮಾಡುತ್ತಾರೆ. ವುಡಿ ಎಂಬ ಸ್ಕಿನ್‌ಹೆಡ್ ಹುಡುಗನ ಗುಂಪು ಅವನ ತಲೆ ಬೋಳಿಸಿ, ಅಂಗಿ ಕೊಟ್ಟು, ತಮ್ಮವನನ್ನಾಗಿ ಮಾಡಿಕೊಳ್ಳುತ್ತದೆ. ಆ ದೃಶ್ಯದ ಅಕ್ಕರೆಯನ್ನು ಗಮನಿಸಿ: ಅಲ್ಲಿ ದೇಶದ ಮಾತೇ ಇಲ್ಲ.

ಜೈಲಿನಿಂದ ಬಂದ ಹಿರಿಯ ಸ್ಕಿನ್‌ಹೆಡ್ ಕಾಂಬೊ, ತಮ್ಮವರು ಬೇಕೆನ್ನುವ ಅದೇ ಹಸಿವನ್ನು ಬಳಸಿಕೊಳ್ಳುತ್ತಾನೆ. ಗುಂಪಿನಲ್ಲಿರುವ ಜಮೈಕಾ ಮೂಲದ ಮಿಲ್ಕಿಯನ್ನು ‘ನೀನು ಇಂಗ್ಲೆಂಡಿನವನೋ, ಜಮೈಕಾದವನೋ?’ ಎಂದು ಎಲ್ಲರೆದುರು ಕೇಳುತ್ತಾನೆ; ಹುಡುಗರಿಗೆ ನಿರುದ್ಯೋಗದ ಸಿಟ್ಟನ್ನು ವಲಸಿಗರತ್ತ ತಿರುಗಿಸಿ ತೋರಿಸುತ್ತಾನೆ. ಅಪ್ಪನ ಸಾವಿಗೆ ಅರ್ಥ ಬೇಕಾಗಿದ್ದ ಶಾನ್ ಅವನ ಜತೆ ಉಳಿಯುತ್ತಾನೆ. ಹಾಗಾದರೆ ಕಾಂಬೊ ಮಿಲ್ಕಿಯನ್ನು ಬಡಿಯುವುದು ಸಿದ್ಧಾಂತಕ್ಕಾಗಿಯೇ? ನನ್ನ ಓದಿನಲ್ಲಿ ಅಲ್ಲ. ಮಿಲ್ಕಿ ತನ್ನ ತುಂಬು ಕುಟುಂಬದ ಬಗ್ಗೆ ಹೇಳುತ್ತಿದ್ದಂತೆ ಕಾಂಬೊನ ಮುಖ ಬದಲಾಗುವುದನ್ನು ನೋಡಿ, ಅಲ್ಲಿರುವುದು ತನಗೆ ಸಿಗದ ಮನೆಯ ಸಂಕಟ. ಕೊನೆಗೆ ಶಾನ್ ಇಂಗ್ಲೆಂಡಿನ ಸೇಂಟ್ ಜಾರ್ಜ್ ಬಾವುಟವನ್ನು ಸಮುದ್ರಕ್ಕೆ ಎಸೆದು, ನೇರ ಕ್ಯಾಮೆರಾದತ್ತ ನೋಡುತ್ತಾನೆ.