‘ಅಂಗಳದಲ್ಲಿ’ ಯಾಕೆ ಅವ್ಯಯವಾಯಿತು? ಟ್ಯಾಗರ್‌ಗೆ ನಮ್ಮದೇ ಫೀಚರ್ ಕೊಡುವ ಬಗೆ

ಪ್ರಶ್ನೆ: ಶಿವಮೊಗ್ಗದಲ್ಲಿ ಎಂಸಿಎ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಅಡಿಕೆ ಧಾರಣೆ, ತೋಟದ ಕೆಲಸದ ಕುರಿತ ಕನ್ನಡ ಬರಹಗಳನ್ನು ಕೂಡಿಸಿ, ಪ್ರತಿ ಪದಕ್ಕೂ ನಾಮಪದ, ಕ್ರಿಯಾಪದ ಎಂದು ಕೈಯಾರೆ ಟ್ಯಾಗ್ ಹಾಕಿದ್ದೇನೆ. ಭಾಷಾ ಸಂಸ್ಕರಣೆಯ ಪೈಥಾನ್ ಲೈಬ್ರರಿ ಎನ್‌ಎಲ್‌ಟಿಕೆಯ ಸಿಆರ್‌ಎಫ್ ಟ್ಯಾಗರ್ (ಪಕ್ಕದ ಟ್ಯಾಗ್‌ಗಳನ್ನೂ ಗಮನಿಸಿ ಪ್ರತಿ ಪದದ ಟ್ಯಾಗ್ ಊಹಿಸುವ ಸಾಧನ) ಬಳಸುತ್ತಿದ್ದೇನೆ. ಹೊಸ ವಾಕ್ಯದಲ್ಲಿ ‘ಅಂಗಳದಲ್ಲಿ’ ಬಂದರೆ ಅದು ಒಮ್ಮೆ ಅವ್ಯಯ, ಒಮ್ಮೆ ಕ್ರಿಯಾಪದ ಎನ್ನುತ್ತದೆ. ‘ಮಾರಿದ’ ಎಂಬುದಕ್ಕೆ ಎಲ್ಲಿ ಬಂದರೂ ಒಂದೇ ಟ್ಯಾಗ್. ಲೈಬ್ರರಿಯ ಫೈಲನ್ನೇ ತಿದ್ದಬೇಕೆ?

ಉತ್ತರ: ಬೇಡ. ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲ ಅಳಿಸಿಹೋಗುತ್ತದೆ. ಟ್ಯಾಗರ್ ಸೃಷ್ಟಿಸುವಾಗಲೇ ನಿಮ್ಮದೊಂದು ಫೀಚರ್ ಫಂಕ್ಷನ್, ಅಂದರೆ ಪ್ರತಿ ಪದಕ್ಕೆ ಯಾವ ಸುಳಿವುಗಳನ್ನು (ಫೀಚರ್) ನೋಡಬೇಕೆಂದು ಹೇಳುವ ಕೋಡ್, ಕೊಡಲು ಅವಕಾಶವಿದೆ. ಅದಕ್ಕೆ ವಾಕ್ಯದ ಪದಗಳ ಪಟ್ಟಿ ಮತ್ತು ಈಗಿನ ಪದದ ಸ್ಥಾನ ಸಿಗುತ್ತವೆ. ಅದು ಫೀಚರ್‌ಗಳನ್ನು ಸ್ಟ್ರಿಂಗ್‌ಗಳ ಪಟ್ಟಿಯಾಗಿ ಹಿಂತಿರುಗಿಸಬೇಕು, ಅಷ್ಟೇ.

ಮೊದಲು, ಲೈಬ್ರರಿ ತಾನಾಗಿಯೇ ಏನು ನೋಡುತ್ತದೆ ಎಂದು ತಿಳಿಯಿರಿ. ಪದ ದೊಡ್ಡಕ್ಷರದಿಂದ ಶುರುವಾಗಿದೆಯೇ, ಅಂಕಿ ಇದೆಯೇ, ಬರೀ ವಿರಾಮಚಿಹ್ನೆಯೇ, ಕೊನೆಯ 1, 2, 3 ಕೋಡ್‌ಪಾಯಿಂಟ್ (ಕಂಪ್ಯೂಟರ್ ಅಕ್ಷರ, ಗುಣಿತಗಳನ್ನು ಬಿಡಿಬಿಡಿಯಾಗಿ ಎಣಿಸುವ ಘಟಕ) ಯಾವುವು, ಪೂರ್ತಿ ಪದ ಯಾವುದು. ದೊಡ್ಡಕ್ಷರ ಕನ್ನಡದಲ್ಲಿ ಇಲ್ಲವೇ ಇಲ್ಲ. ಮೂರೇ ಕೋಡ್‌ಪಾಯಿಂಟ್ ನಮ್ಮ ವಿಭಕ್ತಿಗಳಿಗೆ ಸಾಲದು. ‘ಅಲ್ಲಿ’ ಪ್ರತ್ಯಯದ ‘ಲ್ಲಿ’ ಕಣ್ಣಿಗೆ ಒಂದೇ ಅಕ್ಷರ; ಕಂಪ್ಯೂಟರ್‌ಗೆ ಅದು ಲ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್), ಲ, ಇಕಾರದ ಗುಣಿತ ಹೀಗೆ ನಾಲ್ಕು. ಕೊನೆಯ ಮೂರನ್ನು ಮಾತ್ರ ನೋಡಿದರೆ ಅಂಗಳದಲ್ಲಿ, ಎಲ್ಲಿ, ಚೆಲ್ಲಿ ಮೂರೂ ಒಂದೇ! ಕಲಿಕೆಯಲ್ಲಿ ಕಾಣದ ಪದ ಬಂದಾಗ ಟ್ಯಾಗರ್‌ಗೆ ಪದದ ರೂಪದಿಂದ ಸಿಗುವ ಸುಳಿವು ಇಷ್ಟೇ. ನಿಮ್ಮ ಫಂಕ್ಷನ್‌ನಲ್ಲಿ ಕೊನೆಯ 4, 5, 6ನ್ನೂ ಸೇರಿಸಿ. ಐದಕ್ಕೆ ‘ದಲ್ಲಿ’ ಪೂರ್ತಿ ಸಿಗುತ್ತದೆ, ‘ಚೆಲ್ಲಿ’ ಬೇರೆಯಾಗುತ್ತದೆ.

‘ಮಾರಿದ’ದ ತೊಂದರೆ ಬೇರೆ, ನನಗೆ ಹೆಚ್ಚು ಮುಖ್ಯವೆನಿಸುವುದೂ ಅದೇ. ‘ರೈತ ಅಡಿಕೆ ಮಾರಿದ’ ಎಂಬಲ್ಲಿ ಅದು ಪೂರ್ಣ ಕ್ರಿಯಾಪದ. ‘ಮಾರಿದ ಅಡಿಕೆಗೆ ಹಣ ಬಂತು’ ಎಂಬಲ್ಲಿ ಕೃದಂತ, ಅಂದರೆ ಮುಂದಿನ ನಾಮಪದವನ್ನು ವಿವರಿಸುವ ಕ್ರಿಯಾರೂಪ. ಭಾರತೀಯ ಭಾಷೆಗಳಿಗಾಗಿ ಇರುವ ಬಿಐಎಸ್ ಟ್ಯಾಗ್‌ಸೆಟ್‌ನಲ್ಲಿ (ಟ್ಯಾಗ್‌ಗಳ ಪಟ್ಟಿ) ಈ ಎರಡಕ್ಕೂ ಬೇರೆ ಬೇರೆ ಟ್ಯಾಗ್. ಪದವನ್ನು ಎಷ್ಟು ಸೀಳಿ ನೋಡಿದರೂ ವ್ಯತ್ಯಾಸ ಕಾಣದು, ಅದು ಇರುವುದು ಮುಂದಿನ ಪದದಲ್ಲಿ. ಲೈಬ್ರರಿಯ ಮೂಲ ಫಂಕ್ಷನ್ ಅಕ್ಕಪಕ್ಕದ ಪದವನ್ನು ನೋಡುವುದೇ ಇಲ್ಲ. ಸಿಆರ್‌ಎಫ್‌ಗೆ ಟ್ಯಾಗ್‌ನಿಂದ ಟ್ಯಾಗ್‌ಗೆ ಇರುವ ನಂಟು ಮಾತ್ರ ಗೊತ್ತು. ಆದ್ದರಿಂದ ಹಿಂದಿನ ಪದ, ಮುಂದಿನ ಪದ, ಮುಂದಿನ ಪದದ ಕೊನೆಯ ಭಾಗ, ವಾಕ್ಯ ಮುಗಿಯಿತೇ ಎಂಬುದು, ಇವನ್ನು ಫೀಚರ್ ಮಾಡಿ. ಪ್ರತಿಯೊಂದಕ್ಕೂ ಮುಂದೆ ಬೇರೆ ಗುರುತು ಅಂಟಿಸಿ, ಇಲ್ಲದಿದ್ದರೆ ಯಾವುದು ಎಲ್ಲಿಯದೆಂದು ತಿಳಿಯದು. ಪೂರ್ಣವಿರಾಮ ಪದಕ್ಕೆ ಅಂಟಿಕೊಂಡಿದ್ದರೆ ಮೊದಲೇ ಬಿಡಿಸಿಡಿ.

ಇಲ್ಲೊಂದು ಹೊಂಡವಿದೆ. ಮೊದಲ ಪದದಲ್ಲಿ ನಿಂತು ಸ್ಥಾನದಿಂದ 1 ಕಳೆದರೆ ಪೈಥಾನ್ ದೋಷ ತೋರಿಸುವುದಿಲ್ಲ, ವಾಕ್ಯದ ಕೊನೆಯ ಪದವನ್ನು ತೆಗೆದುಕೊಡುತ್ತದೆ. ‘ವಾಕ್ಯಾರಂಭ’ ಎಂಬ ಫೀಚರ್ ಇಟ್ಟು ಆ ಜಾಗವನ್ನು ಬೇರೆಯಾಗಿ ನೋಡಿಕೊಳ್ಳಿ.

ಊರ ಹೆಸರಿಗೆ ಪುಟ್ಟ ಪಟ್ಟಿ ಮಾಡಿ: ಭದ್ರಾವತಿ, ಸಾಗರ, ಸೊರಬ, ಶಿಕಾರಿಪುರ, ತೀರ್ಥಹಳ್ಳಿ, ಹೊಸನಗರ. ‘ತೀರ್ಥಹಳ್ಳಿಯಿಂದ’ ಎಂದೂ ಬರುವುದರಿಂದ ಪದ ಪಟ್ಟಿಯ ಹೆಸರಿನಿಂದ ಶುರುವಾಗುತ್ತದೆಯೇ ಎಂದು ನೋಡಬೇಕು. ‘ಸಾಗರ’ ಸಮುದ್ರವೂ ಆಗಬಹುದು, ಆಗ ಪಕ್ಕದ ‘ಮಾರುಕಟ್ಟೆ’, ‘ತಾಲ್ಲೂಕು’ ನೆರವಿಗೆ ಬರುತ್ತವೆ.

ಫೀಚರ್ ಹೆಚ್ಚಿದಷ್ಟೂ ಸಣ್ಣ ದತ್ತಾಂಶವನ್ನು ಮಾಡೆಲ್ ಬಾಯಿಪಾಠ ಮಾಡುವ ಅಪಾಯವಿದೆ. ತರಬೇತಿ ಆಯ್ಕೆಗಳಲ್ಲಿ ಫೀಚರ್ ಕನಿಷ್ಠ 2 ಬಾರಿ ಬಂದಿರಬೇಕೆಂದು ಹೇಳಿ ನೋಡಿ. ಕೆಲವು ಬರಹಗಳನ್ನು ಇಡಿಯಾಗಿ ಪರೀಕ್ಷೆಗೆ ತೆಗೆದಿಡಿ. ಒಂದೇ ಬರಹದ ವಾಕ್ಯಗಳನ್ನು ತರಬೇತಿ, ಪರೀಕ್ಷೆ ಎರಡೂ ಕಡೆ ಹಂಚಿದರೆ ಅಂಕ ಸುಮ್ಮನೆ ಮೇಲೇರುತ್ತದೆ.

ಇನ್ನು, ಮಾಡೆಲ್ ಫೈಲಿನಲ್ಲಿ ನಿಮ್ಮ ಫಂಕ್ಷನ್ ಉಳಿಯುವುದಿಲ್ಲ. ಬೇರೆ ಪ್ರೋಗ್ರಾಂನಲ್ಲಿ ಮಾಡೆಲ್ ತೆರೆಯುವಾಗಲೂ ಅದೇ ಫಂಕ್ಷನ್ ಕೊಡಬೇಕು. ಮರೆತರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಅಂಗಳ ಮತ್ತೆ ಅವ್ಯಯವಾಗಬಹುದು. ಹಾಗಾಗಿ ಫಂಕ್ಷನ್ ಅನ್ನು ಪ್ರತ್ಯೇಕ ಫೈಲಿನಲ್ಲಿಟ್ಟು, ತರಬೇತಿಗೂ ಬಳಕೆಗೂ ಅಲ್ಲಿಂದಲೇ ಇಂಪೋರ್ಟ್ ಮಾಡಿಕೊಳ್ಳಿ.