ಟ್ರ್ಯಾಕ್ಟರಿನ ಮೂತಿ ಏಳುತ್ತಿದ್ದರೆ ವೆಲ್ಡರ್ ಹತ್ತಿರ ಓಡಬೇಡಿ

ಕಬ್ಬಿನ ಹಂಗಾಮು ಶುರುವಾದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಟ್ರೈಲರ್ ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಏಳುವುದು. ಈಗ ಅದಕ್ಕೆ ಅಮೆರಿಕದ ವಿಡಿಯೊ ಬೇರೆ ಸೇರಿಕೊಂಡಿದೆ. ಹಾಗಾಗಿ ಈ ಸಲ ಜಾಗವನ್ನೆಲ್ಲ ಹೆಚ್ಚುಕಡಿಮೆ ಒಬ್ಬರಿಗೇ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಾರ್, ನಮ್ಮದು 50 ಎಚ್.ಪಿ. ಟ್ರ್ಯಾಕ್ಟರ್, ಎರಡು ಚಕ್ರದ ಟ್ರೈಲರ್. ಐದು ಟನ್ ಕಬ್ಬು ಹೇರಿಕೊಂಡು ಗದ್ದೆಯಿಂದ ನಾಲೆ ಏರಿಗೆ ಹತ್ತಿಸುವಾಗ ಮುಂದಿನ ಚಕ್ರ ನೆಲ ಬಿಡುತ್ತೆ, ಸ್ಟೇರಿಂಗ್ ಮಾತು ಕೇಳಲ್ಲ. ಅಮೆರಿಕದಲ್ಲಿ ಮನೆಯಂಥ ಟ್ರೈಲರನ್ನ ಕಾರಿಗೆ ಕಟ್ಟಿ ಎಳೆಯೋರು ಎರಡು ಸ್ಪ್ರಿಂಗ್ ಪಟ್ಟಿ ಇರೋ ‘ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್’ ಹಾಕ್ತಾರಂತೆ, ಭಾರ ಮುಂದಕ್ಕೆ ಹೋಗುತ್ತಂತೆ. ನಮ್ಮೂರ ವೆಲ್ಡರ್ ಲಾರಿಯ ಸ್ಪ್ರಿಂಗ್ ಪ್ಲೇಟಲ್ಲಿ ಅದನ್ನೇ ಮಾಡಿಕೊಡ್ತೀನಿ ಅಂತಾನೆ. ಮಾಡಿಸಲಾ?
– ಮದ್ದೂರು ತಾಲ್ಲೂಕಿನ ರೈತರು

ಉತ್ತರ: ಬೇಡ.

ಆ ಹಿಚ್, ಅಂದರೆ ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿ, ಸುಳ್ಳಲ್ಲ. ಟ್ರೈಲರಿನ ಮೂಕಿ, ಅಂದರೆ ಮುಂದಕ್ಕೆ ಚಾಚಿದ ತೊಲೆ, ಕಾರಿನ ಹಿಂದಿನ ಅಚ್ಚಿಗಿಂತ ಹಿಂದೆ ಕೂತು ಒತ್ತುತ್ತದೆ. ಕಾರಿನ ಹಿಂಭಾಗ ತಗ್ಗಿ ಮುಂಭಾಗ ಹಗುರಾಗುತ್ತದೆ. ಹಿಚ್ಚಿನಿಂದ ಹೊರಟ ಎರಡು ಸ್ಪ್ರಿಂಗ್ ಪಟ್ಟಿಗಳನ್ನು ಬಗ್ಗಿಸಿ ಟ್ರೈಲರಿನ ಚಾಸಿಗೆ ಬಿಗಿಯುತ್ತಾರೆ. ಬಗ್ಗಿದ ಪಟ್ಟಿ ನೆಟ್ಟಗಾಗಲು ನೋಡುತ್ತದಲ್ಲ, ಆ ಬಲಕ್ಕೆ ಹಿಂದಿನ ಅಚ್ಚಿನ ಮೇಲಿದ್ದ ಭಾರದಲ್ಲಿ ಸ್ವಲ್ಪ ಮುಂದಿನ ಚಕ್ರಕ್ಕೂ ಸ್ವಲ್ಪ ಟ್ರೈಲರಿನ ಚಕ್ರಕ್ಕೂ ಹೋಗುತ್ತದೆ. ಅಲ್ಲಿ ಮೂಕಿಯ ಭಾರ ತುಂಬಿದ ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಇರುವಂತೆ ನೋಡಿಕೊಳ್ಳುತ್ತಾರೆ, ಪಟ್ಟಿಯನ್ನು ಆ ಭಾರಕ್ಕೆ ತಕ್ಕಂತೆ ಆರಿಸುತ್ತಾರೆ. ಪಟ್ಟಿ ತೆಳುವಾದರೆ ಉಪಯೋಗವಿಲ್ಲ. ಅತಿ ಗಟ್ಟಿಯಾದರೆ ಹಿಂದಿನ ಚಕ್ರದ ಹಿಡಿತವೇ ಹೋಗುತ್ತದೆ.

ಇದೆಲ್ಲ ನಡೆಯುವುದು ಸಮತಟ್ಟಾದ ಟಾರು ರಸ್ತೆಯಲ್ಲಿ. ನಿಮ್ಮ ಟ್ರ್ಯಾಕ್ಟರ್ ಬದು ಹತ್ತುವಾಗ ಟ್ರೈಲರ್ ಇನ್ನೂ ಹಳ್ಳದಲ್ಲಿರುತ್ತದೆ. ಎರಡರ ನಡುವಿನ ಓರೆ ಗಳಿಗೆಗೊಂದು ಥರ. ಅಂಥ ಜಾಗದಲ್ಲಿ ಬಿಗಿದ ಪಟ್ಟಿ ಒಂದೋ ಮುರಿಯುತ್ತದೆ, ಇಲ್ಲವೇ ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನೇ ಎತ್ತಿ ಹಿಡಿತ ತಪ್ಪಿಸುತ್ತದೆ. ಸ್ಪ್ರಿಂಗ್ ಉಕ್ಕಿಗೆ ಬೆಸುಗೆ ಹಾಕಿದರೆ ಆ ಜಾಗ ಪೆಡಸಾಗಿ ಸೀಳುತ್ತದೆ ಅನ್ನುವುದು ವೆಲ್ಡರಿಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಒಪ್ಪಿಕೊಂಡಿದ್ದರೆ ಬೇರೆ ವೆಲ್ಡರನ್ನು ಹುಡುಕಿ.

ನಿಮ್ಮ ತಾತನ ಎತ್ತಿನಗಾಡಿ ನೆನಪಿದ್ದರೆ ಇಷ್ಟು ಹೇಳಬೇಕಾಗಿಯೇ ಇರಲಿಲ್ಲ. ಹೇರು ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತಿತ್ತು, ಹಿಂಭಾರವಾದರೆ ನೊಗ ಎದ್ದು ಕೊರಳ ಹಗ್ಗ ಬಿಗಿಯುತ್ತಿತ್ತು. ಅವರು ಕಮ್ಮಾರನ ಹತ್ತಿರ ಹೋಗಲಿಲ್ಲ, ಹೇರನ್ನು ಸರಿಸಿದರು.

ಈಗ ಲೆಕ್ಕ. ಟ್ರ್ಯಾಕ್ಟರ್ 2,000 ಕೆ.ಜಿ., ಅದರಲ್ಲಿ ಮುಂದಿನ ಚಕ್ರಗಳ ಮೇಲೆ 800 ಎಂದಿಟ್ಟುಕೊಳ್ಳಿ. ಎರಡು ಅಚ್ಚುಗಳ ನಡುವೆ 2 ಮೀಟರ್, ಹಿಚ್ ಪಿನ್ನು ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಹಿಂದೆ. ಮೂಕಿ 800 ಕೆ.ಜಿ. ಒತ್ತಿದರೆ ಮುಂದಿನಿಂದ 240 ಕಳೆಯಿತು, ಉಳಿದದ್ದು 560. ಇದು ನಿಂತಾಗಿನ ಮಾತು. ಕಬ್ಬೂ ಟ್ರೈಲರೂ ಸೇರಿ 7 ಟನ್. ಕೆಸರಿನಲ್ಲಿ ಎಳೆಯಲು ಸುಮಾರು 700 ಕೆ.ಜಿ. ಬಲ ಬೇಕು, ಹತ್ತಡಿಗೆ ಒಂದಡಿ ಏರುವ ದಿಬ್ಬಕ್ಕೆ ಇನ್ನೂ 700. ಈ 1,400ರ ಎಳೆತ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದ್ದರೆ ಮುಂದಿನಿಂದ ಮತ್ತೆ 350 ಹೋಗಿ 210 ಉಳಿಯುತ್ತದೆ. ಅದೇ ಪಿನ್ನನ್ನು 80 ಸೆಂ.ಮೀ.ಗೆ ಏರಿಸಿದರೆ ಹೋಗುವುದು 560, ಉಳಿಯುವುದು ಸೊನ್ನೆ. ಟ್ರ್ಯಾಕ್ಟರ್ ತಾನೇ ದಿಬ್ಬದಲ್ಲಿ ಓರೆಯಾಗಿರುವುದನ್ನು ಸೇರಿಸಿದರೆ ಇನ್ನೂ ಕಡಿಮೆ. ಸ್ಟೇರಿಂಗ್ ಕೆಲಸ ಮಾಡಬೇಕಾದರೆ ಟ್ರ್ಯಾಕ್ಟರ್ ತೂಕದ ಐದರಲ್ಲೊಂದು ಪಾಲಾದರೂ, ಅಂದರೆ 400 ಕೆ.ಜಿ., ಮುಂದಿನ ಚಕ್ರಗಳ ಮೇಲಿರಬೇಕು.

ನನ್ನನ್ನು ಹೆದರಿಸುವುದು ಆ 80 ಸೆಂ.ಮೀ. ಟ್ರೈಲರಿನ ಮೂಕಿ ಎತ್ತರವಾಗಿದೆ ಎಂದು ಹಿಚ್ಚಿಗೆ ಪ್ಲೇಟು ಬೆಸೆದು ಮೇಲೆ ತರುವವರು, ಟಾಪ್ ಲಿಂಕಿನ (ಹಿಂದೆ ನೇಗಿಲು ಕಟ್ಟುವ ಮೂರು ತೋಳುಗಳಲ್ಲಿ ಮೇಲಿನದು) ಜಾಗಕ್ಕೆ ಸರಪಳಿ ಹಾಕಿ ಎಳೆಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಎಳೆತ ಹಿಂದಿನ ಅಚ್ಚಿನ ಮಟ್ಟಕ್ಕಿಂತ ಮೇಲೆ ಬಂದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಒಂದು ಸೆಕೆಂಡಿನೊಳಗೆ ಅದು ನಿಮ್ಮ ಕೈಮೀರಿರುತ್ತದೆ, ಕ್ಲಚ್ ತುಳಿಯಲೂ ಪುರುಸೊತ್ತು ಸಿಗದು. ಕಂಪನಿ ಕೊಟ್ಟ ಜಾಗದಲ್ಲೇ ಪಿನ್ನು ಹಾಕಿ. ಎತ್ತರ ಹೊಂದದಿದ್ದರೆ ಟ್ರೈಲರಿನ ಮೂಕಿಯನ್ನು ತಗ್ಗಿಸಿ.

ಆಮೇಲೆ ತೂಗಿಸಿ. ಟ್ರೈಲರ್ ಕಳಚಿ ಟ್ರ್ಯಾಕ್ಟರಿನ ಮುಂದಿನ ಚಕ್ರ ಮಾತ್ರ ವೇಬ್ರಿಡ್ಜ್ (ಗಾಡಿ ತೂಗುವ ಕಟ್ಟೆ) ಮೇಲೆ ನಿಲ್ಲಿಸಿ ಒಂದು ತೂಕ, ಇಡೀ ಟ್ರ್ಯಾಕ್ಟರ್ ನಿಲ್ಲಿಸಿ ಇನ್ನೊಂದು. ತುಂಬಿದ ಟ್ರೈಲರ್ ಜೋಡಿಸಿ, ಅದರ ಚಕ್ರ ಕಟ್ಟೆಯಿಂದ ಹೊರಗಿರುವಂತೆ, ಮತ್ತೆ ಅವೇ ಎರಡು. ಇಡೀ ಟ್ರ್ಯಾಕ್ಟರಿನ ತೂಕ ಎಷ್ಟು ಹೆಚ್ಚಿತೋ ಅದು ಮೂಕಿಯ ಭಾರ. ಮುಂದಿನ ಚಕ್ರದಲ್ಲಿ ಎಷ್ಟು ಕಡಿಮೆಯಾಯಿತೋ ಅದು ನೀವು ಕಳೆದುಕೊಂಡ ಸ್ಟೇರಿಂಗ್. ಸಕ್ಕರೆ ಕಾರ್ಖಾನೆ ಬಾಗಿಲಿನ ತೂಕದ ಮೇಲೆ ಮಂಡ್ಯದ ರೈತರಿಗೆ ಎಷ್ಟು ನಂಬಿಕೆ ಇದೆ ಎಂದು ನನಗೂ ಗೊತ್ತು. ಇಲ್ಲಿ ಬೇಕಾದದ್ದು ವ್ಯತ್ಯಾಸ ಮಾತ್ರ, ಕಟ್ಟೆ ಎರಡು ಸಲವೂ ಅಷ್ಟೇ ಕಡಿಮೆ ತೋರಿಸಿದರೆ ನಿಮಗೇನೂ ನಷ್ಟವಿಲ್ಲ.

ಮೂಕಿಯ ಭಾರ ಜಾಸ್ತಿ ಬಂದರೆ ಕಬ್ಬಿನ ಹೇರನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ತೀರಾ ಹಿಂದಕ್ಕೂ ಬೇಡ. ಮೂಕಿ ಮೇಲಕ್ಕೆ ಎತ್ತತೊಡಗಿದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ರಸ್ತೆಯಲ್ಲಿ ಟ್ರೈಲರ್ ಬಾಲ ಬೀಸುತ್ತದೆ. ಮೇಲಿನ ಲೆಕ್ಕದಲ್ಲಿ ಮೂಕಿಯ ಭಾರ 400ಕ್ಕೆ ಇಳಿದು, ಮೂತಿಗೆ ಕಂಪನಿಯ 100 ಕೆ.ಜಿ. ಕಬ್ಬಿಣದ ತೂಕ ಹಾಕಿದರೆ, ಅದು ಮುಂದಿನ ಅಚ್ಚಿಗಿಂತ ಮುಂದಿರುವುದರಿಂದ 130ರಷ್ಟು ಕೂಡಿ, 50 ಸೆಂ.ಮೀ. ಎತ್ತರದ ಪಿನ್ನಿನಲ್ಲಿ ಮುಂದೆ 460 ಉಳಿಯುತ್ತದೆ. ದಿಬ್ಬದ ಓರೆ ಕಳೆದರೆ ಅದೂ ಅಂಚಿನಲ್ಲೇ. ಆದ್ದರಿಂದ ನಾಲೆ ಏರಿ ಹತ್ತುವ ಗದ್ದೆಯಿಂದ ನಾಲ್ಕು ಟನ್ನಿಗಿಂತ ಹೆಚ್ಚು ಹೇರಬೇಡಿ ಎನ್ನುತ್ತೇನೆ. ಒಂದು ಟ್ರಿಪ್ಪಿನ ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಆಗಲಿ. ದಿಬ್ಬವನ್ನು ಕೆಳಗಿನ ಗೇರಿನಲ್ಲಿ ಹತ್ತಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಡಿ.

ಮೂತಿಯ ಮೇಲೆ ಇಬ್ಬರು ಆಳುಗಳನ್ನು ಕೂರಿಸುವ ಉಪಾಯವನ್ನು ನನ್ನ ಮುಂದೆ ಯಾರೂ ಹೇಳಬೇಡಿ. ಮನುಷ್ಯರು ತೂಕದ ಕಲ್ಲಲ್ಲ. ಟ್ರ್ಯಾಕ್ಟರ್ ಮುಗ್ಗರಿಸಿದರೆ ಅವರು ಬೀಳುವುದು ನೇರ ಚಕ್ರದ ಕೆಳಗೆ.

ಪ್ರಶ್ನೆ: ನನ್ನ ಎಸ್‌ಯುವಿಗೆ 1,500 ಕೆ.ಜಿ. ಎಳೆಯುವ ಮಿತಿಯಿದೆ. ಎರಡು ಟನ್ನಿನ ಕ್ಯಾರವಾನ್ ಕಟ್ಟಿಸುತ್ತಿದ್ದೇನೆ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ತರಿಸಿದರೆ ಎಳೆಯಬಹುದಲ್ಲವೇ? – ಕುವೆಂಪುನಗರ, ಮೈಸೂರು

ಉತ್ತರ: ಇಲ್ಲ. ಅದು ಭಾರವನ್ನು ಹಂಚುತ್ತದೆ, ಮಿತಿಯನ್ನು ಹೆಚ್ಚಿಸುವುದಿಲ್ಲ. ಗಾಡಿಯ ಕೈಪಿಡಿ ಇಂಥ ಹಿಚ್ ಬೇಡ ಎಂದಿದ್ದರೆ ಅಲ್ಲಿಗೇ ಬಿಡಿ. ಕ್ಯಾರವಾನನ್ನೇ ಚಿಕ್ಕದು ಕಟ್ಟಿಸಿ.

ಪ್ರಶ್ನೆ: ಹಿಂದಿನ ಟಯರಿಗೆ ನೀರು ತುಂಬಿಸಿದರೆ ಮೂತಿ ಏಳುವುದು ನಿಲ್ಲುತ್ತದೆಯೇ? – ಪಾಂಡವಪುರ

ಉತ್ತರ: ಹಿಡಿತ ಹೆಚ್ಚಿ ಎಳೆತ ಹೆಚ್ಚುತ್ತದೆ, ಮೂತಿ ಇನ್ನೂ ಬೇಗ ಏಳುತ್ತದೆ.

ಪ್ರಶ್ನೆ: ಹಿಚ್ ಪಿನ್ನಿನ ಬದಲು ಕಟ್ಟಡದ ಸರಳು ಕತ್ತರಿಸಿ ಹಾಕಿಕೊಂಡಿದ್ದೇನೆ, ಇನ್ನೂ ಮುರಿದಿಲ್ಲ. – ಕೆ.ಆರ್. ಪೇಟೆ

ಉತ್ತರ: ಇದು ಪ್ರಶ್ನೆಯಲ್ಲ. ಇಂದೇ ಹೊಸ ಪಿನ್ನು, ಅದಕ್ಕೆ ಲಾಕ್ ಕ್ಲಿಪ್ಪು, ಜೊತೆಗೊಂದು ಸುರಕ್ಷತಾ ಸರಪಳಿ ತನ್ನಿ.

ಪ್ರಶ್ನೆ: ಎಡ-ಬಲ ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ ಹಾಕಿದರೆ ಗದ್ದೆಯಲ್ಲಿ ತಿರುಗಿಸಲು ಕಷ್ಟ. ತೆಗೆದೇ ಬಿಡಲೇ? – ಮಳವಳ್ಳಿ

ಉತ್ತರ: ಗದ್ದೆಯಲ್ಲಿ ಬಿಚ್ಚಿ, ರಸ್ತೆಗೆ ಬರುವ ಮೊದಲು ಹಾಕಿ. ಹಿಂದೆ ಏಳು ಟನ್ ಇರುವಾಗ ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ನೇರ ನಾಲೆಗೆ.