ಓದುಗರ ಪ್ರಶ್ನೆ: ಹುಡುಕಿದರೆ ಸಿಗದ ಸುದ್ದಿ

ಪ್ರಶ್ನೆ: 1982ರ ಮುಂಬಯಿ ಗಿರಣಿ ಮುಷ್ಕರವನ್ನು ಕನ್ನಡ ದಿನಪತ್ರಿಕೆಗಳು ಹೇಗೆ ವರದಿ ಮಾಡಿದವು ಎಂಬುದು ನನ್ನ ಎಂ.ಎ. ಪ್ರಬಂಧದ ವಿಷಯ. ಎರಡು ಪತ್ರಿಕೆಗಳ ಆರು ತಿಂಗಳ ಸಂಚಿಕೆಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಹುಡುಕಬಹುದಾದ ಪಠ್ಯವಾಗಿಸುವುದು) ಮಾಡಿದೆ. ‘ಮುಷ್ಕರ’ ಎಂದು ಹುಡುಕಿದರೆ ಒಂಬತ್ತೇ ಸುದ್ದಿ ಬಂದವು. ಪತ್ರಿಕೆಗಳು ಮುಷ್ಕರವನ್ನು ಕಡೆಗಣಿಸಿದವು ಎಂದು ಬರೆಯಬಹುದೇ? – ಓದುಗರು, ಡೊಂಬಿವಲಿ

ಉತ್ತರ: ಈಗಲೇ ಬರೆಯಬೇಡಿ. ಜನವರಿ 18ರಂದು ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದ ಮುಷ್ಕರಕ್ಕೆ ಒಂಬತ್ತೇ ಸುದ್ದಿ ಎಂದರೆ, ಮೊದಲು ಅನುಮಾನ ಬರಬೇಕಾದ್ದು ಓಸಿಆರ್ ಮೇಲೆ.

ಬೈಂಡು ಮಾಡಿದ ಸಂಪುಟದಲ್ಲಿ ಹೊಲಿಗೆಯ ಪಕ್ಕದ ಕಾಲಂ ಬಾಗಿರುತ್ತದೆ. ಅಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ‘ಷ್ಕ’ದ ಒತ್ತು ಬಿಟ್ಟುಹೋಗಿ ‘ಮುಷರ’ ಎಂದಾದರೆ ನಿಮ್ಮ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಸಾಧ್ಯವಿದ್ದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಮೊಬೈಲೇ ಗತಿಯಾದರೆ ಒಂದು ಫೋಟೊಗೆ ಕಾಲು ಪುಟ ಸಾಕು. ಇಡೀ ಪುಟ ಕೊಟ್ಟರೆ ತಂತ್ರಾಂಶ ಒಂದು ಕಾಲಮ್ಮಿನ ಸಾಲನ್ನು ಪಕ್ಕದ ಕಾಲಮ್ಮಿನ ಸಾಲಿಗೆ ಅಂಟಿಸಿಬಿಡಬಹುದು. ಆದ್ದರಿಂದ ಕಾಲಂ ಕಾಲಮ್ಮಾಗಿ ಕತ್ತರಿಸಿ ಕೊಡಿ. ಓಸಿಆರ್ ತಂತ್ರಾಂಶವಾದ ಟೆಸರಾಕ್ಟ್‌ನಲ್ಲಿ ಪುಟವಿನ್ಯಾಸದ ಆಯ್ಕೆ 4 ಅಥವಾ 6 ಇರಲಿ.

ಕಣ್ಣಿಗೆ ಕಾಣದ ತಪ್ಪು ಇನ್ನೊಂದಿದೆ. ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಒಂದೇ, ಕಂಪ್ಯೂಟರಿನ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಬೇರೆ ಬೇರೆ. ಮುಷ್ಕರದ ನಾಯಕ ದತ್ತಾ ಸಾಮಂತರ ಹೆಸರು ‘ಸಾಮ೦ತ’ ಎಂದು ಸೊನ್ನೆಯೊಡನೆ ದಾಖಲಾಗಿದ್ದರೆ ಹುಡುಕಾಟ ಅದನ್ನು ಹಿಡಿಯದು. ಅಕ್ಷರದ ಬೆನ್ನಿಗೇ ಬಂದ ಸೊನ್ನೆಗಳನ್ನೆಲ್ಲ ಅನುಸ್ವಾರಕ್ಕೆ ಬದಲಿಸಿಕೊಂಡು ಮುಂದುವರಿಯಿರಿ.

ಪದಗಳನ್ನೂ ಹೆಚ್ಚಿಸಿ: ಹರತಾಳ, ಗಿರಣಿ, ಮಿಲ್ಲು, ಕಾರ್ಮಿಕ. ವಿಭಕ್ತಿ ಪ್ರತ್ಯಯ ಸೇರಿದ ರೂಪಗಳು ತಪ್ಪದಂತೆ ‘ಪೂರ್ಣ ಪದ’ದ ಆಯ್ಕೆ ತೆಗೆದುಹಾಕಿ. ಕೈಯಲ್ಲಿ ಬರೆಸಿ ಅಚ್ಚಿನ ಬ್ಲಾಕ್ ಮಾಡಿಸಿದ ಶೀರ್ಷಿಕೆಗಳನ್ನಂತೂ ಓಸಿಆರ್ ಬಹುತೇಕ ಓದುವುದಿಲ್ಲ.

ಇಷ್ಟಾದ ಮೇಲೆ ಪರೀಕ್ಷೆ. ಆರು ತಿಂಗಳ 26 ಸೋಮವಾರಗಳಿಂದ ಚೀಟಿ ಎತ್ತಿ ಎರಡು ಸಂಚಿಕೆ ಆರಿಸಿ. ಮಂಗಳವಾರದಿಂದ ಭಾನುವಾರದವರೆಗೂ ಹೀಗೆಯೇ ಮಾಡಿದರೆ ಪ್ರತಿ ಪತ್ರಿಕೆಗೆ 14 ಸಂಚಿಕೆ ಸಿಗುತ್ತವೆ. ಅವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೂತು ಓದಿ. ಕಣ್ಣಿಗೆ 40 ಸುದ್ದಿ ಸಿಕ್ಕು, ಅವುಗಳಲ್ಲಿ 26 ಮಾತ್ರ ಹುಡುಕಾಟಕ್ಕೆ ಬಂದಿದ್ದರೆ ಹಿಡಿತ ಶೇ. 65. ಎರಡೂ ಪತ್ರಿಕೆಗಳಿಗೆ ಈ ಪ್ರಮಾಣವನ್ನು ಬೇರೆ ಬೇರೆ ತೆಗೆದು ಪ್ರಬಂಧದಲ್ಲಿ ಕೊಡಿ. ಇಲ್ಲದಿದ್ದರೆ ಅಚ್ಚು ಚೆನ್ನಾಗಿದ್ದ ಪತ್ರಿಕೆಯೇ ಕಾರ್ಮಿಕರ ಕಡೆ ಹೆಚ್ಚು ಗಮನ ಕೊಟ್ಟಿತು ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ. ಆ ಕಾಲದ ವರದಿಗಾರರಿಗೆ ಅದು ದೊಡ್ಡ ಅನ್ಯಾಯ.

ಪ್ರಶ್ನೆ: ಕನ್ನಡ ಸುದ್ದಿತಾಣಗಳ ಲಿಂಕುಗಳನ್ನು ಪಟ್ಟಿ ಮಾಡಿಟ್ಟಿದ್ದೆ. ಕೆಲವು ಈಗ ತೆರೆಯುತ್ತಿಲ್ಲ, ಕೆಲವಕ್ಕೆ ಶೀರ್ಷಿಕೆಯೇ ಬೇರೆ. ಏನು ಮಾಡಲಿ? – ಸಂಶೋಧನಾ ವಿದ್ಯಾರ್ಥಿ, ಪುಣೆ

ಉತ್ತರ: ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ನಲ್ಲಿ ಆ ವಿಳಾಸಗಳನ್ನು ಹಾಕಿ ನೋಡಿ, ಯಾರಾದರೂ ಉಳಿಸಿರಬಹುದು. ಇನ್ನು ಮುಂದೆ ಓದಿದ ದಿನವೇ ಅಲ್ಲಿ ಉಳಿಸಿ, ಮೂಲ ವಿಳಾಸ, ಉಳಿಸಿದ ಪ್ರತಿಯ ವಿಳಾಸ, ದಿನಾಂಕ, ಗಂಟೆ, ಆಗ ಇದ್ದ ಶೀರ್ಷಿಕೆ ಐದನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಕೆಳಗಿನ ಪ್ರತಿಕ್ರಿಯೆಗಳು ಎಷ್ಟೋ ಸಲ ಅದರಲ್ಲಿ ಉಳಿಯುವುದಿಲ್ಲ, ಅವನ್ನು ಬೇರೆಯಾಗಿ ಪಿಡಿಎಫ್ ಮಾಡಿಕೊಳ್ಳಿ. ಫೇಸ್‌ಬುಕ್ ಪೋಸ್ಟ್‌ಗಳಿಗೆ ಹಿಂದಿನ ಸಂಶೋಧಕರು ಬಳಸುತ್ತಿದ್ದ, ಪೋಸ್ಟ್ ಹುಡುಕುವ ಸಾಧನವಾದ ಕ್ರೌಡ್‌ಟ್ಯಾಂಗಲ್ ಅನ್ನು ಫೇಸ್‌ಬುಕ್‌ನ ಒಡೆಯ ಸಂಸ್ಥೆ ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಹಳೆಯ ಪ್ರಬಂಧಗಳ ಆ ವಿಧಾನವನ್ನು ನೀವು ಹಾಗೆಯೇ ಎತ್ತಿಕೊಳ್ಳಲಾಗದು.